ಪ್ರಾರ್ಥನೆಯ ಗಳಿಗೆ

ಪ್ರಾರ್ಥನೆ ಬೇಡವೆಂದು ಹೇಳುವ ಕ್ರೈಸ್ತನು ವಿರಳ. ಪ್ರಾರ್ಥನೆಗೆ ಸಮಯ ಸಿಗುವುದಿಲ್ಲವೆಂದು ಹೇಳದ ಕ್ರೈಸ್ತನು ಇನ್ನೂ ವಿರಳ. ಭಾನುವಾರದ ಆರಾಧನೆ, ಕ್ರಿಸ್ಮಸ್ ಈಸ್ಟರ್ ಹಬ್ಬಗಳು, ಮದುವೆ ಮರಣಗಳ ಸಂಸ್ಕಾರಗಳು ಹೇಗೋ ನಡೆದುಕೊಂಡು ಹೋಗುತ್ತವೆ. ನಡೆಯದೆ ಉಳಿಯುವುದು ದಿನದಿನದ ಪ್ರಾರ್ಥನೆ. ಬೆಳಿಗ್ಗೆ ಎದ್ದರೆ ಕೆಲಸದ ಅವಸರ. ರಾತ್ರಿ ಮಲಗುವಾಗ ಮೈಯ ದಣಿವು. ನಡುವಿನ ಹೊತ್ತೆಲ್ಲ ಪರರ ಪಾಲು. ಈ ತೊಡಕು ಕ್ರೈಸ್ತರಿಗೆ ಮಾತ್ರ ಸೇರಿದ್ದೂ ಅಲ್ಲ. ಸಂಧ್ಯಾವಂದನೆಯನ್ನು ಕೈಬಿಟ್ಟವರೂ ನಮಾಜಿನ ವೇಳೆ ತಪ್ಪಿದವರೂ ಇದೇ ಮಾತನ್ನು ಆಡುತ್ತಾರೆ. ಆದರೆ ಎರಡು ಸಾವಿರ ವರ್ಷಗಳ ಕ್ರೈಸ್ತ ಪರಂಪರೆ ಈ ತೊಡಕನ್ನು ಎದುರಿಸಿದ ಬಗೆಯನ್ನು ನೋಡುತ್ತ ಹೋದಂತೆ ಪ್ರಶ್ನೆಯ ಸ್ವರೂಪವೇ ಬೇರೆಯಾಗಿ ಕಾಣತೊಡಗುತ್ತದೆ. ಸಮಯ ಸಾಲದೆಂಬುದು ಮೇಲ್ನೋಟದ ಮಾತು; ನಮ್ಮ ಸಮಯ ಯಾರ ಒಡೆತನದಲ್ಲಿದೆ ಎಂಬುದು ಅದರ ಅಡಿಯಲ್ಲಿರುವ ಪ್ರಶ್ನೆ.

ಮೊದಲಿಗೆ ಸುವಾರ್ತೆಯನ್ನೇ ನೋಡೋಣ. ಮಾರ್ಕನು ಬರೆದ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿ ಯೇಸುವಿನ ಒಂದು ದಿನದ ವೃತ್ತಾಂತವಿದೆ. ಸ್ಥಳ ಗಲಿಲಾಯ ಸೀಮೆಯ ಕಪೆರ್ನೌಮು, ದಿನ ಸಬ್ಬತ್ತು. ಸಭಾಮಂದಿರದಲ್ಲಿ ಬೋಧನೆ, ಅಲ್ಲಿಯೇ ದೆವ್ವ ಹಿಡಿದವನೊಬ್ಬನಿಗೆ ಬಿಡುಗಡೆ. ಆಮೇಲೆ ಸೀಮೋನನ ಮನೆಯಲ್ಲಿ ಜ್ವರದಿಂದ ಮಲಗಿದ್ದ ಅವನ ಅತ್ತೆಗೆ ಗುಣ. ಹೊತ್ತು ಮುಳುಗಿದ ಮೇಲೆ ಊರಿಗೆ ಊರೇ ರೋಗಿಗಳನ್ನು ಹೊತ್ತುಕೊಂಡು ಬಾಗಿಲ ಮುಂದೆ ನೆರೆಯುತ್ತದೆ. ಇಷ್ಟೆಲ್ಲ ಆದ ಮರುದಿನ, ಇನ್ನೂ ಕತ್ತಲಿರುವಾಗಲೇ, ಆತನು ಎದ್ದು ನಿರ್ಜನವಾದ ಸ್ಥಳಕ್ಕೆ ಹೋಗಿ ಪ್ರಾರ್ಥಿಸುತ್ತಿದ್ದನೆಂದು ಸುವಾರ್ತಿಕನು ತಿಳಿಸುತ್ತಾನೆ. ಸೀಮೋನನೂ ಸಂಗಡಿಗರೂ ಬೆನ್ನಟ್ಟಿ ಬಂದು, ಜನರೆಲ್ಲ ಹುಡುಕುತ್ತಿದ್ದಾರೆಂದು ಹೇಳುತ್ತಾರೆ. ಆ ಮಾತಿನಲ್ಲಿ ಆಕ್ಷೇಪಣೆಯ ಎಳೆಯೊಂದು ಇದ್ದಂತಿದೆ.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು. ಪ್ರಾರ್ಥನೆಯ ಹೊತ್ತು ಬಿಡುವಿನಿಂದ ಬಂದದ್ದಲ್ಲ. ಎಡೆಬಿಡದ ದುಡಿಮೆಯ ಮರುದಿನ, ನಿದ್ರೆಯ ಪಾಲಿನಿಂದ ಅದನ್ನು ಕಡಿದು ತೆಗೆದುಕೊಳ್ಳಲಾಗಿದೆ. ಇದು ಒಂದು. ಇನ್ನೊಂದು ಇದಕ್ಕಿಂತಲೂ ಮುಖ್ಯವಾದುದು. ಪ್ರಾರ್ಥನೆ ಮುಗಿಸಿದ ಯೇಸು, ಕಾಯುತ್ತಿದ್ದ ಜನರ ಬಳಿಗೆ ಹಿಂದಿರುಗದೆ ನೆರೆಯ ಊರುಗಳಿಗೆ ಹೋಗೋಣವೆಂದು ಶಿಷ್ಯರಿಗೆ ಹೇಳುತ್ತಾನೆ. ಕಾಯುತ್ತಿದ್ದವರೇನು ನಿಷ್ಕಾರಣವಾಗಿ ಬಂದವರಲ್ಲ. ಅವರ ಸಂಕಟ ನಿಜವಾದದ್ದೇ. ಆದರೂ ಹೆಚ್ಚು ಗಟ್ಟಿಯಾಗಿ ಕರೆದವರಿಗೆ ಆ ದಿನ ತಾನಾಗಿಯೇ ಒಪ್ಪಿಹೋಗಲಿಲ್ಲ. ಕತ್ತಲಿನಲ್ಲಿ ಕಳೆದ ಆ ಗಳಿಗೆಯೇ ದಿನದ ದಿಕ್ಕನ್ನು ನಿರ್ಧರಿಸಿತು. ಪ್ರಾರ್ಥನೆಯಿಲ್ಲದ ದಿನ ಬರಿದಾಗಿರುವುದಿಲ್ಲ. ಯಾರು ಮೊದಲು ಕೂಗಿದರೋ ಅವರಿಂದ ಅದು ತುಂಬಿಹೋಗಿರುತ್ತದೆ.

ಹೊತ್ತು ಗೊತ್ತುಮಾಡಿ ಪ್ರಾರ್ಥಿಸುವ ಪದ್ಧತಿ ಕ್ರೈಸ್ತರಿಗೆ ಯೆಹೂದ್ಯರಿಂದ ಬಂದ ಬಳುವಳಿ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ದಾನಿಯೇಲನ ಕಥೆಯಿದೆ. ಅವನು ರಾಜ್ಯದ ಮೂವರು ಮುಖ್ಯಾಧಿಕಾರಿಗಳಲ್ಲಿ ಒಬ್ಬ. ಅವರ ಕೈಕೆಳಗೆ 120 ಮಂದಿ ದೇಶಾಧಿಪತಿಗಳು. ಬಿಡುವಿಲ್ಲವೆನ್ನುವ ಹಕ್ಕು ಯಾರಿಗಾದರೂ ಇದ್ದರೆ ಅದು ಇಂಥವನಿಗೆ ಇರಬೇಕು. ಅವನಾದರೋ ಯೆರೂಸಲೇಮಿನ ಕಡೆಗೆ ತೆರೆದ ಕಿಟಕಿಯ ಮುಂದೆ ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದ. ಮೂವತ್ತು ದಿನಗಳವರೆಗೆ ಅರಸನಿಗಲ್ಲದೆ ಮತ್ತಾರಿಗೂ ಯಾರೂ ಬಿನ್ನಹ ಮಾಡಕೂಡದೆಂಬ ಕಟ್ಟಳೆ ಹೊರಟಾಗಲೂ ಅವನು ಎಂದಿನಂತೆಯೇ ಪ್ರಾರ್ಥಿಸಿದ. ಸಿಂಹಗಳ ಗವಿಯ ಪ್ರಸಂಗವನ್ನು ಎಲ್ಲರೂ ಬಲ್ಲರು. ಅದಕ್ಕೆ ಕಾರಣವಾದದ್ದು ಪ್ರಾರ್ಥನೆಯ ಒಂದು ವೇಳಾಕ್ರಮವೆಂಬುದನ್ನು ಮಾತ್ರ ನಾವು ಮರೆಯುತ್ತೇವೆ. ಪ್ರಜೆಯ ಮೂವತ್ತು ದಿನಗಳು ತನ್ನವೆಂದು ರಾಜ್ಯ ಸಾರಿತು. ಮೂರು ಗಳಿಗೆಗಳು ಅದಕ್ಕೆ ಸೇರಿದವಲ್ಲವೆಂದು ದಾನಿಯೇಲ ಮೊಣಕಾಲೂರಿ ಉತ್ತರ ಕೊಟ್ಟ.

ಯೇಸುವಿನ ಶಿಷ್ಯರೂ ಈ ದಾರಿಯಲ್ಲೇ ನಡೆದರು. ಪೇತ್ರ ಯೋಹಾನರು ಒಂಬತ್ತನೆಯ ತಾಸಿನ, ಅಂದರೆ ನಮ್ಮ ಮಧ್ಯಾಹ್ನ ಮೂರು ಗಂಟೆಯ, ಪ್ರಾರ್ಥನೆಗೆ ದೇವಾಲಯಕ್ಕೆ ಹೋಗುತ್ತಿದ್ದರೆಂದು ಅಪೊಸ್ತಲರ ಕೃತ್ಯಗಳಲ್ಲಿ ಓದುತ್ತೇವೆ. ಅದೇ ಪೇತ್ರನು ಯೊಪ್ಪ ಪಟ್ಟಣದಲ್ಲಿ ನಡುಹಗಲಿನ ಪ್ರಾರ್ಥನೆಗೆ ಮಾಳಿಗೆಯನ್ನು ಹತ್ತಿದಾಗ ಅವನಿಗೆ ಹಸಿವಾಗಿತ್ತಂತೆ. ಕೆಳಗೆ ಅಡಿಗೆ ಇನ್ನೂ ಆಗುತ್ತಲಿತ್ತು. ಅಪೊಸ್ತಲನ ಹೊಟ್ಟೆಯೂ ಪ್ರಾರ್ಥನೆಯ ಹೊತ್ತಿನಲ್ಲಿ ಸುಮ್ಮನಿರಲಿಲ್ಲವೆಂಬುದು ನಮ್ಮಂಥವರಿಗೆ ಸಮಾಧಾನದ ಸಂಗತಿ. ‘ಡಿಡಾಖೆ’ ಎಂಬ ಪ್ರಾಚೀನ ಕೈಪಿಡಿ, ಕರ್ತನು ಕಲಿಸಿದ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಬೇಕೆಂದು ವಿಧಿಸುತ್ತದೆ. ಆ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿದರೂ ಒಂದು ನಿಮಿಷ ಹಿಡಿಯುವುದಿಲ್ಲ. ಮೊದಲಿನ ಕ್ರೈಸ್ತರಿಗೆ ವಿಧಿಸಿದ್ದು ದೀರ್ಘತೆಯನ್ನಲ್ಲ, ನಿಯಮವನ್ನು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹೀಗೇಕೆ ಎಂಬುದಕ್ಕೆ ಆ ಜನರ ಸ್ಥಿತಿಗತಿಯೇ ಉತ್ತರ. ರೋಮನ್ ಸಾಮ್ರಾಜ್ಯದ ಆರಂಭದ ಸಭೆಗಳಲ್ಲಿ ಗುಲಾಮರು ಇದ್ದರು, ಕೈಕಸಬಿನವರಿದ್ದರು, ಪರರ ಮನೆಗಳಲ್ಲಿ ದುಡಿಯುವ ಹೆಂಗಸರಿದ್ದರು. ಸುಮಾರು ಕ್ರಿ.ಶ. 112ರಲ್ಲಿ ಬಿಥೂನ್ಯದ ಅಧಿಪತಿಯಾಗಿದ್ದ ಪ್ಲಿನಿ ಚಕ್ರವರ್ತಿ ಟ್ರಾಜನನಿಗೆ ಒಂದು ಪತ್ರ ಬರೆದ. ಗೊತ್ತಾದ ಒಂದು ದಿನ, ಬೆಳಗಾಗುವ ಮೊದಲೇ ಕ್ರೈಸ್ತರು ಕೂಡಿ ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆಂದು ಅದರಲ್ಲಿದೆ. ನಿಜ ತಿಳಿಯಲು ತಾನು ಚಿತ್ರಹಿಂಸೆಗೆ ಗುರಿಪಡಿಸಿದ ಇಬ್ಬರು ದಾಸಿಯರು ಆ ಸಭೆಯ ಸೇವಕಿಯರಾಗಿದ್ದರೆಂದೂ ಅವನು ತಿಳಿಸಿದ್ದಾನೆ. ಬೆಳಗಾಗುವ ಮೊದಲೇ ಏಕೆ ಕೂಡಿದರು? ಭಾನುವಾರದ ವಿರಾಮಕ್ಕೆ ರಾಜಾಜ್ಞೆ ದೊರೆತದ್ದು 321ರಲ್ಲಿ, ಕಾನ್‌ಸ್ಟಂಟೈನನ ಕಾಲದಲ್ಲಿ. ಅದಕ್ಕೆ ಮೊದಲಿನ ಮೂರು ಶತಮಾನ ಆ ದಿನವೂ ದುಡಿಮೆಯ ದಿನವೇ. ಸೂರ್ಯ ಹುಟ್ಟಿದ ಮೇಲಿನ ಹೊತ್ತು ದಾಸಿಯದಲ್ಲ, ಒಡೆಯನದು. ಹುಟ್ಟುವುದಕ್ಕೆ ಮೊದಲಿನ ಗಳಿಗೆ ಮಾತ್ರ ಅವಳದು. ಇದ್ದ ಆ ಒಂದೇ ಗಳಿಗೆಯನ್ನು ಆಕೆ ದೇವರಿಗೆ ಕೊಟ್ಟಳು. ಸಮಯವಿಲ್ಲವೆಂಬ ನಮ್ಮ ಮಾತನ್ನು ಆ ಇಬ್ಬರು ಹೆಂಗಸರ ಮುಂದೆ ಇಟ್ಟು ನೋಡಿದರೆ ಅದರ ತೂಕ ಎಷ್ಟೆಂದು ತಿಳಿಯುತ್ತದೆ.

ಕಾಲಕ್ರಮದಲ್ಲಿ ಪ್ರಾರ್ಥನೆಯ ವೇಳೆಗೆ ಖಚಿತವಾದ ರೂಪವನ್ನು ಕೊಟ್ಟವರು ಸಂನ್ಯಾಸಿಗಳು. ಆರನೆಯ ಶತಮಾನದಲ್ಲಿ ಇಟಲಿಯ ನೂರ್ಸಿಯದ ಬೆನೆಡಿಕ್ಟನು ತನ್ನ ಮಠಕ್ಕಾಗಿ ಬರೆದ ನಿಯಮಗ್ರಂಥದಲ್ಲಿ, ಹಗಲಿನಲ್ಲಿ ಏಳು ಸಲ, ರಾತ್ರಿಯಲ್ಲಿ ಒಂದು ಸಲ ಪ್ರಾರ್ಥನೆಯನ್ನು ಗೊತ್ತುಪಡಿಸಿ, 150 ಕೀರ್ತನೆಗಳು ಒಂದು ವಾರದಲ್ಲಿ ಮುಗಿಯುವಂತೆ ಹಂಚಿದ. ಕರೆ ಕೇಳಿದೊಡನೆ ಕೈಯಲ್ಲಿದ್ದ ಕೆಲಸವನ್ನು ಅಲ್ಲಿಗೇ ಬಿಟ್ಟು ಬರತಕ್ಕದ್ದು ಎಂಬುದು ಅವನ ಕಟ್ಟಳೆ. ಯುರೋಪಿನಲ್ಲಿ ಮಠದ ಗಂಟೆಯೇ ಸುತ್ತಣ ಹಳ್ಳಿಗಳಿಗೂ ಹೊತ್ತು ತಿಳಿಸುವ ಸಾಧನವಾಯಿತು. ‘ಕ್ಲಾಕ್’ ಎಂಬ ಇಂಗ್ಲಿಷ್ ಶಬ್ದದ ಮೂಲವಾದ ಲ್ಯಾಟಿನಿನ ‘ಕ್ಲೊಕ್ಕ’ ಎಂಬುದಕ್ಕೆ ಗಂಟೆಯೆಂದೇ ಅರ್ಥ. ನಮ್ಮ ಕನ್ನಡದಲ್ಲಂತೂ ಬಾರಿಸುವ ಗಂಟೆಗೂ ಎಣಿಸುವ ಗಂಟೆಗೂ ಒಂದೇ ಮಾತು. ಕಾಲವೆಂದರೆ ಯಾವುದೋ ಒಂದು ಕರೆಗೆ ಓಗೊಡುವುದು ಎಂಬ ತಿಳಿವಳಿಕೆ ಈ ಮಾತಿನಲ್ಲಿ ಅಡಗಿರುವಂತೆ ತೋರುತ್ತದೆ.

ಬೆನೆಡಿಕ್ಟನ ನಿಯಮದಲ್ಲಿ ಕಟ್ಟುನಿಟ್ಟಿನಷ್ಟೇ ಕರುಣೆಯೂ ಇದೆ. ದೂರದ ಹೊಲದಲ್ಲಿ ದುಡಿಯುವ ಸಹೋದರನು ವೇಳೆಗೆ ಗುಡಿಯನ್ನು ಮುಟ್ಟಲಾರನಾದರೆ, ದುಡಿಯುತ್ತಿರುವ ಜಾಗದಲ್ಲಿಯೇ ಮೊಣಕಾಲೂರಿ ಪ್ರಾರ್ಥಿಸಲಿ. ಪಯಣದಲ್ಲಿರುವವನು ದಾರಿಯಲ್ಲಿ ಅನುಕೂಲವಾದಂತೆ ಪ್ರಾರ್ಥಿಸಲಿ. ಆದರೆ ಹೊತ್ತನ್ನು ಮಾತ್ರ ಕಡೆಗಣಿಸದಿರಲಿ ಎನ್ನುತ್ತಾನೆ. ಮಠದ ಪಾತ್ರೆ ಪರಡಿಗಳನ್ನು ಬಲಿಪೀಠದ ಪವಿತ್ರಪಾತ್ರೆಗಳೆಂಬಂತೆ ಕಾಣಬೇಕೆಂದೂ, ಅಡಿಗೆಯ ಸೇವೆಯನ್ನು ಎಲ್ಲರೂ ಸರದಿಯ ಮೇಲೆ ಮಾಡಬೇಕೆಂದೂ ಹೇಳುತ್ತಾನೆ. ಶರಣರ ಕಾಯಕದ ಮಾತನ್ನು ಕೇಳಿ ಬೆಳೆದ ನಮಗೆ ಇದು ಅಪರಿಚಿತವೆನಿಸದು. ಸರದಿಯ ಈ ಮಾತು ಮುಂದೆ ನಮಗೆ ಮತ್ತೆ ಬೇಕಾಗುತ್ತದೆ.

ಶತಮಾನಗಳು ಕಳೆದಂತೆ ಪ್ರಾರ್ಥನೆಯ ಕ್ರಮ ಜಟಿಲವಾಗುತ್ತ ಹೋಯಿತು. ಗ್ರಂಥಗಳು ಹೆಚ್ಚಿದವು, ಭಾಷೆ ಜನರಿಗೆ ತಿಳಿಯದಾಯಿತು, ಅಷ್ಟಯಾಮಗಳ ಪ್ರಾರ್ಥನೆ ಮಠದವರ ಮತ್ತು ಪಾದ್ರಿಗಳ ಸೊತ್ತಾಗಿ ಉಳಿಯಿತು. ಗೃಹಸ್ಥರಿಗೆ ಉಳಿದದ್ದು ಮುಂಜಾನೆ, ನಡುಹಗಲು, ಸಂಜೆ ಬಾರಿಸುವ ಏಂಜೆಲಸ್ ಗಂಟೆ. ಫ್ರಾನ್ಸಿನ ಚಿತ್ರಕಾರ ಮಿಲೆ 1857ರಿಂದ 1859ರ ಅವಧಿಯಲ್ಲಿ ಚಿತ್ರಿಸಿದ ‘ಏಂಜೆಲಸ್’ ಎಂಬ ಚಿತ್ರದಲ್ಲಿ ಇಬ್ಬರು ರೈತರು ಆಲೂಗೆಡ್ಡೆಯ ಹೊಲದಲ್ಲಿ, ಬುಟ್ಟಿಯನ್ನು ಕೆಳಗಿರಿಸಿ, ತಲೆ ಬಾಗಿಸಿ ನಿಂತಿದ್ದಾರೆ. ಗಂಟೆ ಕೇಳಿದಾಗಲೆಲ್ಲ ಹೊಲದ ಕೆಲಸವನ್ನು ನಿಲ್ಲಿಸಿ ಪ್ರಾರ್ಥಿಸುವಂತೆ ಮಾಡುತ್ತಿದ್ದ ತನ್ನ ಅಜ್ಜಿಯ ನೆನಪಿನಿಂದ ಆ ಚಿತ್ರ ಮೂಡಿತೆಂದು ಕಲಾವಿದನೇ ಹೇಳಿಕೊಂಡಿದ್ದಾನೆ. ಅಲ್ಲಿ ನಿಂತಿರುವುದು ಎಷ್ಟು ಹೊತ್ತು? ಎರಡು ಮೂರು ನಿಮಿಷ. ಆದರೆ ಆ ನಿಮಿಷಗಳಲ್ಲಿ ಹೊಲವಾಗಲಿ ಹೊಲದ ಧಣಿಯಾಗಲಿ ಅವರ ಮೇಲೆ ಅಧಿಕಾರ ನಡೆಸುತ್ತಿಲ್ಲ.

ಹದಿನಾರನೆಯ ಶತಮಾನದ ಸುಧಾರಕರು ಈ ಭಾರವನ್ನು ಹಗುರಗೊಳಿಸಲು ಯತ್ನಿಸಿದರು. ಇಂಗ್ಲೆಂಡಿನಲ್ಲಿ ಕ್ರ್ಯಾನ್ಮರನ ನೇತೃತ್ವದಲ್ಲಿ ಸಿದ್ಧವಾದ 1549ರ ಪ್ರಾರ್ಥನಾಗ್ರಂಥವು ಅಷ್ಟಯಾಮಗಳನ್ನು ಬೆಳಗು ಬೈಗುಗಳ ಎರಡು ಪ್ರಾರ್ಥನೆಗಳಿಗೆ ಇಳಿಸಿ, ಜನರ ನುಡಿಯಲ್ಲಿಯೇ ಅವುಗಳನ್ನು ಒದಗಿಸಿತು. ಜರ್ಮನಿಯಲ್ಲಿ ಮಾರ್ಟಿನ್ ಲೂಥರ್ 1535ರಲ್ಲಿ ಪ್ರಾರ್ಥನೆಯ ವಿಷಯವಾಗಿ ಒಂದು ಕಿರುಹೊತ್ತಗೆ ಬರೆದ. ಯಾರಿಗಾಗಿ? ವಿದ್ವಾಂಸರಿಗಲ್ಲ, ಪೇತರ್ ಎಂಬ ತನ್ನ ಕ್ಷೌರಿಕ ಮಿತ್ರನಿಗಾಗಿ. ಕತ್ತಿ ಹಿಡಿದ ಕ್ಷೌರಿಕನ ಮನಸ್ಸು ಅತ್ತಿತ್ತ ಹರಿದರೆ ಮೂಗೋ ಬಾಯಿಯೋ ಕುಯ್ದುಹೋಗುವುದಿಲ್ಲವೆ? ಪ್ರಾರ್ಥನೆಗೂ ಅಂಥದೇ ಏಕಾಗ್ರತೆ ಬೇಕು ಎಂಬುದು ಅಲ್ಲಿಯ ದೃಷ್ಟಾಂತ. ಈ ಒಂದು ಕೆಲಸ ಮುಗಿಯಲಿ, ಗಳಿಗೆ ಬಿಟ್ಟು ಪ್ರಾರ್ಥಿಸಿದರಾಯಿತು ಎಂಬ ಆಲೋಚನೆಯ ವಿಷಯದಲ್ಲಿ ಎಚ್ಚರವಾಗಿರಬೇಕೆಂದೂ ಲೂಥರ್ ಬುದ್ಧಿ ಹೇಳುತ್ತಾನೆ. ಒಂದು ಕೆಲಸದ ಬಾಲಕ್ಕೆ ಇನ್ನೊಂದು ಗಂಟುಬಿದ್ದಿರುವುದನ್ನು ಬಲ್ಲವರಿಗೆ ಇದು ವಿವರಿಸಿ ಹೇಳಬೇಕಾದ ಮಾತಲ್ಲ.

ನಮ್ಮ ಕರಾವಳಿಯಲ್ಲಿಯೂ ಈ ಎರಡು ಪರಂಪರೆಗಳು ಬೇರೂರಿವೆ. ಸಂಜೆ ಇಗರ್ಜಿಯ ಗಂಟೆಯಾದ ಮೇಲೆ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಜಪಮಾಲೆಯನ್ನು ಹೇಳುವುದು, ಕೊಂಕಣಿಯಲ್ಲಿ ‘ತೇರ್ಸ್’ ಎನ್ನುವುದು, ಮಂಗಳೂರಿನ ಕಥೋಲಿಕ ಕುಟುಂಬಗಳ ಹಳೆಯ ವಾಡಿಕೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಸುಧಾರಣಾಪಂಥದ ಕನ್ನಡ ಆರಾಧನೆಯನ್ನು ಬೆಳೆಸಿದರು. 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದರು. ಹೀಗೆ ಒಂದೇ ಸಮುದಾಯದ ಬದುಕಿನೊಳಗೆ ಆರಾಧನೆಯ ಗಂಟೆಯೂ ಕಾರ್ಖಾನೆಯ ವೇಳೆಯೂ ಜೊತೆಜೊತೆಯಾಗಿ ನೆಲೆಸಿದವು. ಅಲ್ಲಿಂದೀಚೆಗೆ ಎರಡನೆಯದರ ಧ್ವನಿ ಬಲವಾಗುತ್ತಲೇ ಬಂದಿದೆ. ಇಂದಿನ ಮನುಷ್ಯನ ಕಿಸೆಯಲ್ಲಿರುವ ಮೊಬೈಲು ದಿನಕ್ಕೆ ಏಳು ಸಲವಲ್ಲ, ಎಪ್ಪತ್ತು ಸಲ ಗಂಟೆ ಬಾರಿಸುತ್ತದೆ. ಕರೆದೊಡನೆ ಕೈಯ ಕೆಲಸವನ್ನು ಬಿಟ್ಟು ಅದಕ್ಕೆ ಓಗೊಡುವ ನಾವು ಬೆನೆಡಿಕ್ಟನ ಶಿಷ್ಯರಿಗಿಂತ ವಿಧೇಯರು. ಒಡೆಯನು ಮಾತ್ರ ಬೇರೆ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಮಾಡುವ ಕೆಲಸವೇ ಪ್ರಾರ್ಥನೆಯಾದರೆ ಬೇರೆ ಹೊತ್ತು ಏಕೆ? ಈ ವಾದಕ್ಕೆ ಸಾಕ್ಷಿಯಾಗಿ ಹದಿನೇಳನೆಯ ಶತಮಾನದ ಬ್ರದರ್ ಲಾರೆನ್ಸನನ್ನು ಕರೆತರುವುದುಂಟು. ನಿಕೋಲಾಸ್ ಹರ್ಮನ್ ಎಂಬ ಪೂರ್ವನಾಮದ ಈತ ಸೈನಿಕನಾಗಿದ್ದು, ಗಾಯಗೊಂಡು, ಅನಂತರ ಪ್ಯಾರಿಸ್ಸಿನ ಕಾರ್ಮೆಲ್ ಮಠವನ್ನು ಸೇರಿದ. ಸ್ವಭಾವತಃ ತನಗೆ ಹಿಡಿಸದ ಅಡಿಗೆಮನೆಯಲ್ಲಿ ವರ್ಷಗಟ್ಟಲೆ ದುಡಿದ. ಪಾತ್ರೆಗಳ ಸದ್ದಿನ ನಡುವೆಯೂ ದೇವಸನ್ನಿಧಿಯನ್ನು ಅನುಭವಿಸಿದ ಈತನ ಮಾತುಗಳನ್ನೂ ಪತ್ರಗಳನ್ನೂ 1691ರಲ್ಲಿ ಆತ ತೀರಿಕೊಂಡ ಮೇಲೆ ಇತರರು ಸಂಗ್ರಹಿಸಿ ಪ್ರಕಟಿಸಿದರು. ಪ್ರಾರ್ಥನೆಯ ಹೊತ್ತಿಗೂ ಕೆಲಸದ ಹೊತ್ತಿಗೂ ತನಗೆ ಭೇದವಿಲ್ಲವೆಂದು ಆತ ಹೇಳಿದ್ದು ನಿಜ. ಆದರೆ ಆತನು ಬಾಳಿದ್ದು ಗಂಟೆಗೆ ಅನುಸಾರವಾಗಿ ನಡೆಯುವ ಮನೆಯಲ್ಲಿ. ಆ ಸ್ಥಿತಿಯನ್ನು ಮುಟ್ಟುವ ಮೊದಲು ಸುಮಾರು ಹತ್ತು ವರ್ಷ ತಾನು ಬಹಳ ಕಷ್ಟಪಟ್ಟೆನೆಂಬುದೂ ಆತನದೇ ಹೇಳಿಕೆ. ಎಲ್ಲ ಹೊತ್ತೂ ಪ್ರಾರ್ಥನೆಯ ಹೊತ್ತಾಗಬೇಕಾದರೆ ಮೊದಲು ಒಂದು ಹೊತ್ತಾದರೂ ಪ್ರಾರ್ಥನೆಯದಾಗಿರಬೇಕು. ನೀರು ಊರಿಗೆಲ್ಲ ಹರಿಯಬಹುದು. ಬಾವಿಯನ್ನು ಮಾತ್ರ ಒಂದು ಕಡೆಯಲ್ಲಿಯೇ ತೋಡಬೇಕು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಹೊತ್ತನ್ನು ಗೊತ್ತುಮಾಡಿಕೊಳ್ಳುವ ಸ್ವಾತಂತ್ರ್ಯ ಎಲ್ಲರಿಗೂ ಇದೆಯೆ? ರಾತ್ರಿ ಪಾಳಿಯ ದಾದಿ, ಎಳೆಗೂಸಿನ ತಾಯಿ, ಹಾಸಿಗೆ ಹಿಡಿದ ಅತ್ತೆಮಾವಂದಿರನ್ನು ನೋಡಿಕೊಳ್ಳುವ ಸೊಸೆ, ಇವರು ಏನು ಮಾಡಬೇಕು? ಜಾನ್ ವೆಸ್ಲಿಯ ತಾಯಿ ಸುಸಾನಾ ವೆಸ್ಲಿ ಹತ್ತೊಂಬತ್ತು ಮಕ್ಕಳನ್ನು ಹೆತ್ತವಳು. ಅವರಲ್ಲಿ ಬದುಕುಳಿದವರು ಹತ್ತು ಮಂದಿ. ಏಕಾಂತಕ್ಕೆ ಎಡೆಯೇ ಇಲ್ಲದ ಮನೆಯಲ್ಲಿ ಆಕೆ ತನ್ನ ಮೇಲುವಸ್ತ್ರವನ್ನು ತಲೆಯ ಮೇಲೆಳೆದುಕೊಂಡು ಪ್ರಾರ್ಥನೆಗೆ ಕುಳಿತುಬಿಡುತ್ತಿದ್ದಳೆಂದೂ, ಆಗ ತಾಯಿಯನ್ನು ಮಾತನಾಡಿಸಬಾರದೆಂದು ಮಕ್ಕಳಿಗೆ ತಿಳಿದಿತ್ತೆಂದೂ ಪರಂಪರೆಯಿಂದ ಒಂದು ಮಾತು ಬಂದಿದೆ. ಈ ಕಥೆಯನ್ನು ಭಕ್ತಿಯ ಮಾದರಿಯೆಂದು ಉಪದೇಶಗಳಲ್ಲಿ ಹೇಳುವುದುಂಟು. ಆದರೆ ಇದನ್ನು ಕೇಳುವ ಗಂಡಸರು ತಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳುವುದು ಒಳಿತು. ಮನೆಯ ಯಜಮಾನ ಮುಂಜಾನೆ ಬೈಬಲನ್ನು ತೆರೆದು ಪ್ರಶಾಂತವಾಗಿ ಕುಳಿತಿರುವಾಗ, ಒಲೆ ಹಚ್ಚುವವರು ಯಾರು? ಅಳುವ ಮಗುವನ್ನು ಎತ್ತಿಕೊಳ್ಳುವವರು ಯಾರು? ಒಬ್ಬರ ಪ್ರಾರ್ಥನೆಯ ಗಳಿಗೆ ಎಷ್ಟೋ ಸಲ ಇನ್ನೊಬ್ಬರ ದುಡಿಮೆಯಿಂದ ಕೊಂಡದ್ದಾಗಿರುತ್ತದೆ.

ಆದ್ದರಿಂದ ಪ್ರಾರ್ಥನೆಗೆ ಸಮಯ ಮಾಡಿಕೊಳ್ಳುವುದೆಂದರೆ ಸಮಯ ಮಾಡಿಕೊಡುವುದೂ ಹೌದು. ಬೆನೆಡಿಕ್ಟನ ಮಠದಲ್ಲಿ ಅಡಿಗೆಗೆ ಸರದಿ ಇದ್ದುದರ ಅರ್ಥ ಇದೇ. ಗಂಡನು ಹೆಂಡತಿಗೆ ಕಾಲು ಗಂಟೆಯ ಏಕಾಂತವನ್ನು ಒದಗಿಸಿಕೊಟ್ಟು ತಾನು ಮಗುವನ್ನು ನೋಡಿಕೊಂಡರೆ ಆ ಕಾಲು ಗಂಟೆ ಇಬ್ಬರ ಲೆಕ್ಕಕ್ಕೂ ಸಲ್ಲುತ್ತದೆ. ಮನೆಗೆಲಸದವಳಿಗೆ ಭಾನುವಾರದ ಬೆಳಗನ್ನು ಬಿಟ್ಟುಕೊಡುವ ಒಡತಿ, ಕೆಲಸಗಾರರನ್ನು ಹೊತ್ತಿಗೆ ಸರಿಯಾಗಿ ಮನೆಗೆ ಕಳಿಸುವ ಧಣಿ, ಇವರೂ ಪ್ರಾರ್ಥನೆಯಲ್ಲಿ ಪಾಲುಗಾರರು. ಇತರರ ಸಮಯವನ್ನು ಕಬಳಿಸಿದವನು ತನ್ನ ಸಮಯವನ್ನು ದೇವರಿಗೆ ಅರ್ಪಿಸಿದೆನೆಂದು ಹೇಳಿಕೊಳ್ಳಲಾರ.

ಹೊತ್ತು ಸಿಕ್ಕಿದ ಮೇಲೂ ಪ್ರಾರ್ಥನೆ ರುಚಿಸದಿರಬಹುದು. ಜರ್ಮನಿಯ ದೇವಶಾಸ್ತ್ರಜ್ಞ ಡೀಟ್ರಿಚ್ ಬಾನ್‌ಹಾಫರ್ 1935ರಲ್ಲಿ ಹಿಟ್ಲರನ ಆಡಳಿತಕ್ಕೆ ಮಣಿಯದ ಸಭೆಯ ಪರವಾಗಿ ಫಿಂಕೆನ್‌ವಾಲ್ಡೆಯಲ್ಲಿ ಪಾದ್ರಿಗಳ ತರಬೇತಿಯನ್ನು ನಡೆಸಿದ. ದಿನವೂ ಅರ್ಧ ಗಂಟೆ, ಕೆಲವೇ ವಾಕ್ಯಗಳನ್ನು ಹಿಡಿದು ಮೌನವಾಗಿ ಧ್ಯಾನಿಸಬೇಕೆಂದು ಅಲ್ಲಿ ವಿಧಿಸಿದ. ವಿದ್ಯಾರ್ಥಿಗಳು ತಬ್ಬಿಬ್ಬಾದರು, ಗೊಣಗಿದರು. ಅವನು ಆ ನಿಯಮವನ್ನು ಬಿಡಲಿಲ್ಲ. 1937ರಲ್ಲಿ ಗೆಸ್ಟಪೊ ಆ ಶಾಲೆಯನ್ನು ಮುಚ್ಚಿತು. 1943ರ ಏಪ್ರಿಲಿನಲ್ಲಿ ಬಂಧಿತನಾಗಿ ಬರ್ಲಿನಿನ ಟೇಗೆಲ್ ಸೆರೆಮನೆಗೆ ಹೋದಾಗ ಅವನ ಕೈಯಲ್ಲಿ ಬೇಕಾದಷ್ಟು ಸಮಯವಿತ್ತು; ಅದು ಮಾತ್ರ ಸೆರೆಮನೆಯ ಸಮಯ. ಅಲ್ಲಿ ಅವನ ದಿನಗಳಿಗೆ ಒಂದು ಆಕಾರವನ್ನು ಕೊಟ್ಟದ್ದು ಹಿಂದಿನ ಅಭ್ಯಾಸ, ಕೀರ್ತನೆಗಳ ನಿತ್ಯಪಾಠ. ಆ ವರ್ಷದ ಕ್ರಿಸ್ಮಸ್ಸಿಗೆ ಅವನು ಜೊತೆಯ ಸೆರೆಯಾಳುಗಳಿಗಾಗಿ ಪ್ರಾರ್ಥನೆಗಳನ್ನು ಬರೆದುಕೊಟ್ಟ. 1945ರ ಏಪ್ರಿಲ್ 9ರಂದು ಅವನನ್ನು ಗಲ್ಲಿಗೇರಿಸಲಾಯಿತು. ಗೊಣಗಾಟದ ನಡುವೆ ಕಳೆದ ಆ ಅರ್ಧ ಗಂಟೆಗಳು ವ್ಯರ್ಥವಾಗಲಿಲ್ಲ. ಪ್ರಾರ್ಥನೆಯ ಅಭ್ಯಾಸ ಅಗತ್ಯ ಬಿದ್ದ ದಿನ ಹುಟ್ಟುವುದಿಲ್ಲ. ಅಗತ್ಯವಿಲ್ಲವೆಂದು ತೋರುವ ದಿನಗಳಲ್ಲಿ ಅದನ್ನು ಬೆಳೆಸಿಟ್ಟುಕೊಳ್ಳಬೇಕು.

ಹಾಗಾದರೆ ಸಾಮಾನ್ಯ ಗೃಹಸ್ಥನು ಮಾಡಬೇಕಾದುದೇನು? ಪರಂಪರೆಯ ಬುದ್ಧಿವಾದ ಬಹಳ ಸರಳವಾದದ್ದು. ಗಳಿಗೆ ಚಿಕ್ಕದಾಗಿರಲಿ, ಬೆನೆಡಿಕ್ಟನೂ ಪ್ರಾರ್ಥನೆ ಕಿರಿದಾಗಿ ನಿರ್ಮಲವಾಗಿರಬೇಕೆಂದೇ ಬಯಸಿದ. ಅದು ದಿನವೂ ತಪ್ಪದೆ ನಡೆಯುವ ಯಾವುದಾದರೊಂದು ಕಾರ್ಯಕ್ಕೆ ಅಂಟಿಕೊಂಡಿರಲಿ: ಮುಖ ತೊಳೆದ ಮೇಲೆ, ಅನ್ನಕ್ಕೆ ಕೂಡುವ ಮೊದಲು, ದೀಪ ಆರಿಸುವಾಗ. ಮಾತು ಹೊಳೆಯದಿದ್ದರೆ ಕರ್ತನು ಕಲಿಸಿದ ಪ್ರಾರ್ಥನೆ ಇದೆ, ಕೀರ್ತನೆಗಳಿವೆ. ಎರವಲು ಮಾತಿನಲ್ಲಿ ಪ್ರಾರ್ಥಿಸುವುದಕ್ಕೆ ನಾಚಬೇಕಾಗಿಲ್ಲ. ಮನಸ್ಸು ಅಲೆದರೆ ಹಿಂದಕ್ಕೆ ಕರೆಯುವುದು; ಒಂದು ದಿನ ತಪ್ಪಿದರೆ ಮರುದಿನ ಎರಡುಪಟ್ಟು ಮಾಡದೆ ಎಂದಿನಷ್ಟನ್ನೇ ಮಾಡುವುದು. ಬಾಕಿ ಬಡ್ಡಿಗಳ ಲೆಕ್ಕವಿಡಲು ದೇವರು ಸಾಹುಕಾರನಲ್ಲ.

ದಿನವೆಂಬುದು ನಾವು ದುಡಿದು ಗಳಿಸಿದ ಆಸ್ತಿಯೇನೂ ಅಲ್ಲ. ಬೆಳಗು ಎಲ್ಲರಿಗೂ ಕೇಳದೆಯೇ ಬರುತ್ತದೆ. ಬಂದದ್ದರಲ್ಲಿ ಒಂದು ಗಳಿಗೆಯನ್ನು ಕೊಟ್ಟವನಿಗೆ ಹಿಂದಿರುಗಿಸುವುದೇ ನಿತ್ಯಪ್ರಾರ್ಥನೆ. ಹಾಗೆ ಹಿಂದಿರುಗಿಸಿದವನಿಗೆ ಉಳಿದ ಗಳಿಗೆಗಳೂ ತನ್ನವಲ್ಲವೆಂಬ ಅರಿವು ಮೆಲ್ಲನೆ ಮೂಡುತ್ತದೆ. ಅವುಗಳನ್ನು ಮನೆಯವರಿಗೆ, ನೆರೆಯವರಿಗೆ, ದಣಿದವರಿಗೆ ಬಿಟ್ಟುಕೊಡಲು ಕೈ ಬರುತ್ತದೆ. ಎಷ್ಟು ಗಂಟೆಯಾಯಿತು ಎಂದು ನಾವು ದಿನಕ್ಕೆ ಹತ್ತಾರು ಸಲ ಕೇಳುತ್ತೇವೆ. ಅದು ಯಾರ ಗಂಟೆ ಎಂದು ಒಂದು ಸಲವಾದರೂ ಕೇಳಿಕೊಂಡರೆ ಪ್ರಾರ್ಥನೆ ಅಲ್ಲಿಂದಲೇ ಮೊದಲಾಗುತ್ತದೆ.